ದೊಡ್ಡ ವ್ಯಾನಿನ ರಚನೆ ಮತ್ತು ಅದರ ರೋಗಗಳು

ಹೊರಗಿನಿಂದ ನೋಡುವವರಿಗೆ ವ್ಯಾನು ಎಂಬುದು ಚಕ್ರಗಳ ಮೇಲೆ ನಿಲ್ಲಿಸಿದ ದೊಡ್ಡದೊಂದು ಪೆಟ್ಟಿಗೆ. ಕಡಮೆ ಉದ್ದದ ವಾಹನದಲ್ಲಿ ಆದಷ್ಟು ಹೆಚ್ಚು ಸರಕನ್ನೋ ಜನರನ್ನೋ ತುಂಬಬೇಕೆಂಬುದೇ ಈ ಆಕಾರದ ಉದ್ದೇಶ. ಆದರೆ ಯಂತ್ರಗಳಲ್ಲಿ ಯಾವ ಅನುಕೂಲವೂ ಬೆಲೆಯಿಲ್ಲದೆ ದೊರೆಯುವುದಿಲ್ಲ. ಆ ಬೆಲೆ ಯಾವುದೆಂಬುದನ್ನು ಅಮೆರಿಕದ ಫೋರ್ಡ್ ಎಕನೊಲೈನ್ ವ್ಯಾನಿನ ನಿದರ್ಶನದಿಂದ ತಿಳಿದುಕೊಳ್ಳೋಣ.

ಎಕನೊಲೈನ್ 1961ರ ಮಾದರಿಯಾಗಿ ಮಾರುಕಟ್ಟೆಗೆ ಬಂದಿತು. ಫಾಲ್ಕನ್ ಎಂಬ ಸಣ್ಣ ಕಾರನ್ನು ಆಧರಿಸಿ ಅದನ್ನು ನಿರ್ಮಿಸಿದ್ದರು. ಅದಕ್ಕೆ ಮೂತಿಯೇ ಇರಲಿಲ್ಲ. ಎಂಜಿನು ಮುಂದಿನ ಎರಡು ಆಸನಗಳ ನಡುವೆ ಒಂದು ಮುಚ್ಚಳದಡಿ ಕುಳಿತಿತ್ತು. 1960ರ ದಶಕದ ಕೊನೆಯಲ್ಲಿ ಎಂಜಿನನ್ನು ಮುಂದಕ್ಕೆ ಸರಿಸಿ ಗಿಡ್ಡ ಮೂತಿಯನ್ನು ಕೊಟ್ಟರು. 1975ರ ಮಾದರಿಯಲ್ಲಿ ಲಾರಿಯಂತೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸಿದರು. ಆದರೂ ಎಂಜಿನಿನ ಹಿಂಭಾಗವು ಚಾಲಕನ ಕೋಣೆಯೊಳಕ್ಕೆ ಚಾಚಿಯೇ ಉಳಿಯಿತು. ಹಿಂದಿನ ಸಿಲಿಂಡರುಗಳನ್ನು ಮುಟ್ಟಬೇಕಾದರೆ ಒಳಗಿನ ಮುಚ್ಚಳವನ್ನು ತೆಗೆಯಬೇಕು. ಕೈಗೆಟುಕದ ಭಾಗವನ್ನು ಪರೀಕ್ಷಿಸುವವರೂ ಕಡಮೆ.

ಇದರ ಪರಿಣಾಮವು ಸ್ಪಾರ್ಕ್ ಪ್ಲಗ್ಗಿನ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. 1997ರ ಮಾದರಿಯಿಂದ ಈ ವ್ಯಾನುಗಳಿಗೆ ಟ್ರೈಟನ್ ಎಂಬ ಎಂಜಿನುಗಳನ್ನು ಜೋಡಿಸಿದರು. ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಅವುಗಳ ತಲೆಭಾಗ ಅಲ್ಯೂಮಿನಿಯಮಿನದು. ಮೊದಮೊದಲಿನ ಎಂಜಿನುಗಳಲ್ಲಿ ಪ್ಲಗ್ಗನ್ನು ಹಿಡಿದಿಡುವ ತಿರುಪಿನ ಸುತ್ತುಗಳು ಸುಮಾರು 4 ಮಾತ್ರ. ಪ್ಲಗ್ಗಿನ ತಿರುಪಿನ ವ್ಯಾಸ 14 ಮಿಲಿಮೀಟರು. ಎಂದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಒಂದೂವರೆ ಚದರ ಸೆಂಟಿಮೀಟರು. ಇಂಧನ ಉರಿದಾಗ ಒಳಗಿನ ಒತ್ತಡವು ವಾಯುಮಂಡಲದ ಒತ್ತಡದ 50ರಷ್ಟಕ್ಕೆ ಏರಿತೆನ್ನೋಣ. ಆಗ ಪ್ಲಗ್ಗನ್ನು ಹೊರಕ್ಕೆ ನೂಕುವ ಬಲವು ಸುಮಾರು 75 ಕಿಲೋಗ್ರಾಮ್ ತೂಕಕ್ಕೆ ಸಮ! ಎಂಜಿನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿಯೂ ಈ ಏಟು 1000 ಬಾರಿ ಬೀಳುತ್ತದೆ. ಅಲ್ಯೂಮಿನಿಯಮ್ ಉಕ್ಕಿಗಿಂತ ಮೃದು. ಕಾದಾಗ ಅದರ ಹಿಗ್ಗುವಿಕೆ ಉಕ್ಕಿನದರ ಸುಮಾರು ಎರಡರಷ್ಟು. ಪ್ಲಗ್ಗು ತುಸು ಸಡಿಲವಾದರೂ ಸುತ್ತುಗಳು ಕಿತ್ತು, ಒಂದು ದಿನ ಅದು ಗುಂಡಿನಂತೆ ಹಾರಿಹೋಗಬಹುದು. ಅದಕ್ಕೆ ಮುಂಚೆ ಅನಿಲ ಸೋರುವ ಟಿಕ್‌ಟಿಕ್ ಸದ್ದು ಕೇಳಿಬರುವುದುಂಟು. ಕೆಟ್ಟ ರಂಧ್ರವನ್ನು ಅಗಲಿಸಿ ಒಳಗೆ ತಿರುಪುಳ್ಳ ಲೋಹದ ಬಳೆಯನ್ನು ಕೂರಿಸುವುದೇ ಇದಕ್ಕೆ ಪರಿಹಾರ. ಎಂಜಿನು ತಣ್ಣಗಿರುವಾಗ, ಬಲವನ್ನು ಅಳೆದು ತೋರಿಸುವ ಸ್ಪ್ಯಾನರಿನಿಂದ ಪ್ಲಗ್ಗನ್ನು ಬಿಗಿಯುವುದು ಪರಿಹಾರಕ್ಕಿಂತಲೂ ಮೇಲು.

ಎಂಜಿನು ಕೆಟ್ಟರೆ ವ್ಯಾನು ನಿಲ್ಲುತ್ತದೆ, ಅಷ್ಟೆ. ಭಾರದ ಹಂಚಿಕೆ ಕೆಟ್ಟರೆ ಪ್ರಾಣಕ್ಕೇ ಅಪಾಯ. 15 ಜನ ಕೂರುವ ಉದ್ದನೆಯ ವ್ಯಾನಿನಲ್ಲಿ ಹಿಂದಿನ ಆಸನವು ಹಿಂಬದಿಯ ಅಚ್ಚನ್ನು ದಾಟಿ ಚಾಚಿಕೊಂಡಿರುತ್ತದೆ. ಜನ ತುಂಬಿದಂತೆ ಗುರುತ್ವಕೇಂದ್ರವು ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಚಾಲಕನು ಗಾಬರಿಯಿಂದ ಚುಕ್ಕಾಣಿಯನ್ನು ಥಟ್ಟನೆ ತಿರುಗಿಸಿದರೆ ಹಿಂಭಾಗ ಜಾರಿ, ವಾಹನ ಮಗುಚಬಹುದು. 10 ಅಥವಾ ಹೆಚ್ಚು ಜನರಿದ್ದಾಗ ಮಗುಚುವ ಪ್ರಮಾಣವು ಅದಕ್ಕಿಂತ ಕಡಮೆ ಜನರಿದ್ದಾಗಿನ ಸುಮಾರು ಮೂರರಷ್ಟೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯು 2001ರಲ್ಲಿ ಎಚ್ಚರಿಸಿತು. ಹಿಂಬದಿಯ ಟೈರಿನಲ್ಲಿ ಗಾಳಿ ಕಡಮೆಯಿದ್ದರಂತೂ ಅಪಾಯ ಮತ್ತಷ್ಟು ಹೆಚ್ಚು.

ಈ ವ್ಯಾನಿನ ಪ್ರಯಾಣಿಕ ಮತ್ತು ಸರಕು ಮಾದರಿಗಳ ತಯಾರಿಕೆ 2014ರಲ್ಲಿ ನಿಂತಿತು. ಆದರೆ ಪೆಟ್ಟಿಗೆಯಾಕಾರದ ಯಾವ ವಾಹನಕ್ಕೂ ಭಾರದ ಈ ನಿಯಮ ಒಂದೇ. ಮುಂದೆ ನಾವು ಇಂಥ ವಾಹನವೇರುವಾಗ ಟೈರುಗಳತ್ತ ಒಮ್ಮೆ ನೋಡೋಣ, ಜನ ಕಡಮೆಯಿದ್ದರೆ ಮುಂದಿನ ಆಸನಗಳಲ್ಲಿಯೇ ಕೂರೋಣ, ಪಟ್ಟಿಯನ್ನು ಕಟ್ಟಿಕೊಳ್ಳೋಣ.