ಮೂರು ತಿಂಗಳ ಅವರೆ ಬಂತು, ಕಾಲುವೆ ನೀರಿನ ತಾರೀಖು ಬರಬೇಕಲ್ಲ!

ಬಾತಿ: ದಾವಣಗೆರೆ-ಹರಿಹರ ನಡುವಿನ ಬಾತಿ ಸೀಮೆಯಲ್ಲಿ ಬೆಳೆ ಅಂದ್ರೆ ಭತ್ತ. ಭದ್ರಾ ಕಾಲುವೆ ಹರಿದರೆ ನಾಟಿ, ನಿಂತರೆ ಬೀಳು. ಮೇ ತಿಂಗಳಲ್ಲಿ ಬೇಸಿಗೆ ಭತ್ತ ಕೊಯ್ದ ಮೇಲೆ ಮಳೆಗಾಲದ ನೀರು ಬಿಡುವ ತನಕ ಎರಡು, ಎರಡೂವರೆ ತಿಂಗಳು ಗದ್ದೆ ಸುಮ್ಮನೆ ಬಿದ್ದಿರುತ್ತೆ. ಆ ಸಂದಿಯಲ್ಲಿ ಒಂದು ಅವರೆ ಬೆಳೆ ತೆಗೆದರೆ ಹೇಗೆ?

ಹಳೇ ನಾಟಿ ಅವರೆಯಿಂದ ಆಗದ ಮಾತು. ಹಗಲು ಕುಗ್ಗುವ ತನಕ ಅದು ಹೂ ಬಿಡೋ ಜಾತಿಯಲ್ಲ. ಜೂನ್‌ನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ ಹಾಕಲಿ, ಆಗಸ್ಟ್‌ನಲ್ಲಿ ಹಾಕಲಿ, ಕಾಯಿ ಕೀಳೋದು ಚಳಿಗಾಲದಲ್ಲೇ.

ಈ ಹಟ ಮುರಿದವರು 1964ರಲ್ಲಿ ಶುರುವಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ತಳಿ ವಿಜ್ಞಾನಿಗಳು. ಮೊಗ್ಗು ಅರಳುವ ಮೊದಲೇ ಬಿಡಿಸಿ, ಕೇಸರ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸೋದು. ಹುಟ್ಟಿದ್ದರಲ್ಲಿ ಬೇಗ ಹೂ ಬಿಟ್ಟದ್ದನ್ನು ಆರಿಸಿ ಮತ್ತೆ ಬಿತ್ತೋದು. ಹೀಗೆ ಹಲವು ತಲೆಮಾರು. ಹೆಬ್ಬಾಳ ಅವರೆ-3ಕ್ಕೆ ಮಾಗಡಿಯ ನಾಟಿ ಅವರೆ ಕೂಡಿಸಿ ಪಡೆದದ್ದು ಹೆಬ್ಬಾಳ ಅವರೆ-4. ಇವಕ್ಕೆ ಹಗಲಿನ ಲೆಕ್ಕ ಬೇಡ. ಯಾವ ತಿಂಗಳು ಬಿತ್ತಿದರೂ ಆರೇಳು ವಾರಕ್ಕೆ ಹೂ, ಎರಡೂವರೆ ತಿಂಗಳಿಗೆ ಹಸಿಕಾಯಿ, ಒಣಕಾಳಿಗೆ ಸುಮಾರು ಮೂರು ತಿಂಗಳು.

ಗಿಡ ಗಿಡ್ಡ, ಬಳ್ಳಿಯಾಗಿ ಹಬ್ಬೋದಿಲ್ಲ. ಹತ್ತಿರ ಹತ್ತಿರ ಬಿತ್ತಬಹುದು, ಇಳುವರಿ ಅಲ್ಲಿಂದಲೇ. ಕಾಯಿ ಹೆಚ್ಚುಕಡಿಮೆ ಒಟ್ಟಿಗೇ ಬಲಿಯೋದರಿಂದ ಸಂತೆಗೆ ಒಯ್ಯುವವರಿಗೆ ಅನುಕೂಲ. ಸಾರಿಗೆ ದಿನಾ ಒಂದು ಬೊಗಸೆ ಕೀಳೋ ಮನೆಯವರಿಗೆ ಅಷ್ಟಿಲ್ಲ. ಸೊಗಡೂ ಕಮ್ಮಿ, ಅದನ್ನ ಮುಚ್ಚಿಡೋದ್ಯಾಕೆ?

ಆದರೆ ಬಾತಿಯ ತೊಡಕು ಸೊಗಡಿನದಲ್ಲ, ತಾರೀಖಿನದು. ಕಾಲುವೆಗೆ ನೀರು ಯಾವಾಗ ಅಂತ ಜಲಾಶಯದ ಮಟ್ಟ ನೋಡಿ ನಿರ್ಧಾರ ಆಗುತ್ತೆ. ಮೇ ಕೊನೆಗೆ ಬಿತ್ತಿದ ಅವರೆ ಜುಲೈ ಮಧ್ಯಕ್ಕೆ ಆಗತಾನೇ ಹೂವಲ್ಲಿರುತ್ತೆ. ಆಗಲೇ ನೀರು ಬಂದರೆ ಮುಗೀತು! ತನ್ನ ಗದ್ದೆಗೆ ಕಟ್ಟದಿದ್ದರೂ ಪಕ್ಕದವನ ಗದ್ದೆಯ ಬಸಿನೀರಿಗೇ ಬೇರು ಕೊಳೆಯುತ್ತೆ. ಆಗಸ್ಟ್ ಎರಡನೇ ವಾರವಾದರೆ ಅದೇ ಕಾಯಿ ದಾವಣಗೆರೆ ಮಾರ್ಕೆಟ್ ಸೇರಿರುತ್ತೆ. ಹೂವಿನಲ್ಲೇ ಉತ್ತು ಮಣ್ಣಿಗೆ ಸೇರಿಸಿದರೆ ಒಳ್ಳೇ ಗೊಬ್ಬರ, ಬೇರಿನ ಗಂಟಿನಲ್ಲಿ ಸಾರಜನಕ ಇರುತ್ತೆ ನಿಜ. ಬೀಜ, ಉಳುಮೆ, ಆಳಿನ ಕೂಲಿ ಯಾರು ಕೊಡ್ತಾರೆ?

2023ರಲ್ಲಿ ಮಳೆ ಕೈಕೊಟ್ಟಾಗ ಭದ್ರಾ ನೀರಿಗಾಗಿ ಈ ಭಾಗದ ರೈತರು ಬೀದಿಗಿಳಿದಿದ್ದರು. ಮಳೆ ಯಾವಾಗ ಬರುತ್ತೆ ಅಂತ ಯಾರೂ ಹೇಳಲಾರರು, ಸರಿ. ಆದರೆ ಇಂಥ ವಾರಕ್ಕೆ ಮುಂಚೆ ಕಾಲುವೆ ತೆರೆಯೋದಿಲ್ಲ ಅನ್ನೋ ಒಂದು ಮಾತು ಮೇ ತಿಂಗಳಲ್ಲೇ ಸಿಕ್ಕರೆ ಸಾಕು, ಬಾತಿಯ ರೈತ ಅವರೆ ಬೀಜಕ್ಕೆ ಕೈ ಹಾಕಬಹುದು.