ಕಿರುಸಭೆಯ ಹಾಡು: ಬ್ಯಾಂಡಿನ ಲೆಕ್ಕ ಬೇರೆ, ಅಂಗಳದ ಲೆಕ್ಕ ಬೇರೆ

ಕೊಳ್ಳೇಗಾಲ: ಕ್ರೀಡಾಂಗಣಗಳನ್ನೇ ತುಂಬಿಸಬಲ್ಲ ರಾಕ್ ಬ್ಯಾಂಡೊಂದು ಕೆಲವೇ ನೂರು ಮಂದಿಯ ಮುಂದೆ ಹಾಡುವುದೇಕೆ? 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ್ದ ರೋಲಿಂಗ್ ಸ್ಟೋನ್ಸ್ ತಂಡ 2023ರ ಅಕ್ಟೋಬರ್ 19ರಂದು ನ್ಯೂಯಾರ್ಕ್‌ನ ಪುಟ್ಟ ಕ್ಲಬ್ಬೊಂದರಲ್ಲಿ ಸುಮಾರು 650 ಮಂದಿಗಷ್ಟೇ ಹಾಡಿತು. ಮರುದಿನವೇ ಅದರ ಹೊಸ ಆಲ್ಬಂ 'ಹ್ಯಾಕ್ನಿ ಡೈಮಂಡ್ಸ್' ಬಿಡುಗಡೆಯಾಯಿತು. ಇಂಥ ಕಾರ್ಯಕ್ರಮದಲ್ಲಿ ಟಿಕೆಟಿನ ಆದಾಯ ಗೌಣ. ಒಳಗೆ ಕುಳಿತವರಿಗಿಂತ ಒಳಹೋಗಲಾಗದವರೇ ಇದರ ನಿಜವಾದ ಗುರಿ. ಆ ರಾತ್ರಿಯ ಸುದ್ದಿ ಮತ್ತು ವಿಡಿಯೊ ತುಣುಕುಗಳನ್ನು ಕಂಡು ಅವರು ಆಲ್ಬಂ ಕೊಳ್ಳಬೇಕು. ಆಪ್ತತೆಯೂ ಇಲ್ಲಿ ಜಾಹೀರಾತೇ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಕಿರುಸಭೆ ಹೊಸತೇನಲ್ಲ. ತಂಬೂರಿ, ಡಕ್ಕೆ, ಗಗ್ಗರಗಳೊಡನೆ ನೀಲಗಾರರು ಮಂಟೇಸ್ವಾಮಿ ಕಥೆಯನ್ನೂ ಕಂಸಾಳೆಯ ದೇವರಗುಡ್ಡರು ಮಲೆಯ ಮಾದಪ್ಪನ ಕಥೆಯನ್ನೂ ಭಕ್ತರ ಮನೆಯಂಗಳದಲ್ಲಿ ಹಾಡುತ್ತ ಬಂದಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನ ಹಾಡು ಪೋಡಿನ ಬಯಲಿಗೆ ಸೇರಿದ್ದು. ಮಾದಪ್ಪನ ಕಥೆ 'ಸಾಲು'ಗಳಾಗಿ ಬೆಳಗಿನವರೆಗೂ ಸಾಗುತ್ತದೆ. ಕೇಳುಗರು ತೂಕಡಿಸಿದರೆ ಹಾಡುಗಾರ ನಗೆಮಾತು ಸೇರಿಸಬಲ್ಲ. ಅವರ ಕಣ್ಣು ತೇವಗೊಂಡರೆ ಆ ಭಾಗವನ್ನೇ ಬೆಳೆಸಬಲ್ಲ. ಎದುರಿಗೆ ಕುಳಿತವರಿಲ್ಲದೆ ಕಥೆ ನಡೆಯದು.

ಹೀಗಾಗಿ ಇಲ್ಲಿನ ಹಾಡು ದೊಡ್ಡ ವೇದಿಕೆ ಏರಿದಾಗ ಧಾಟಿ ಹೋಗುತ್ತದೆ, ಕಥೆ ಹಿಂದೆ ಉಳಿಯುತ್ತದೆ. 'ಕೋಲುಮಂಡೆ' ಹಾಡು ಇದಕ್ಕೆ ತಕ್ಕ ನಿದರ್ಶನ. 1996ರ 'ಜನುಮದ ಜೋಡಿ' ಚಿತ್ರದಲ್ಲಿ ಎಲ್.ಎನ್. ಶಾಸ್ತ್ರಿ ಅವರ ಕಂಠದಿಂದ ಅದು ನಾಡಿನಾದ್ಯಂತ ಮನೆಮಾತಾಯಿತು. 2020ರ ಆಗಸ್ಟ್‌ನಲ್ಲಿ ಗಾಯಕ ಚಂದನ್ ಶೆಟ್ಟಿ ಅವರು ಅದನ್ನು ಹೊಸ ಶೈಲಿಯ ವಿಡಿಯೊ ಆಗಿ ಹೊರತಂದಾಗ, ಅದರಲ್ಲಿ ಶಿವಶರಣೆ ಸಂಕಮ್ಮನನ್ನು ಚಿತ್ರಿಸಿದ ರೀತಿಗೆ ಮಾದಪ್ಪನ ಭಕ್ತರಿಂದ ತೀವ್ರ ಆಕ್ಷೇಪ ವ್ಯಕ್ತವಾಯಿತು. ಅವರು ಕ್ಷಮೆ ಯಾಚಿಸಿದರು. ಹಾಡನ್ನು ಯೂಟ್ಯೂಬ್‌ನಿಂದ ತೆಗೆಯಲಾಯಿತು. ಗಂಡನ ಸಂಶಯಕ್ಕೆ ಗುರಿಯಾಗಿ ನರಳುವ ಸಂಕಮ್ಮನ ಬಾಗಿಲಿಗೆ ಮಾದಪ್ಪ ಜಂಗಮನಾಗಿ ಬರುವ ಸಾಲನ್ನು ರಾತ್ರಿಯಿಡೀ ಕೇಳಿದವರಿಗೆ ಆ ಸಿಟ್ಟು ಅರ್ಥವಾಗದ್ದೇನಲ್ಲ.

ಹಣದ ಮಾತೂ ಇದೆ. ಕರ್ತೃವಿನ ಹೆಸರಿಲ್ಲದ ಜನಪದ ಕಾವ್ಯಕ್ಕೆ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರತ್ಯೇಕ ರಕ್ಷಣೆ ಇಲ್ಲ. ಹೊಸ ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಅದನ್ನು ನಿರ್ಮಿಸಿದ ಕಂಪನಿಗೆ ಸಲ್ಲುತ್ತದೆ. ಕಥೆಯನ್ನು ತಲೆಮಾರುಗಳಿಂದ ಬಾಯಲ್ಲಿ ಕಾಪಾಡಿಕೊಂಡು ಬಂದ ನೀಲಗಾರನಿಗೂ ದೇವರಗುಡ್ಡನಿಗೂ ದಕ್ಕುವುದು ಅಂಗಳದ ಪಡಿ ಮತ್ತು ಕಾಣಿಕೆ ಮಾತ್ರ.