ನಿಮಗಿದು ಗೊತ್ತೆ? ಚೆನ್ನೈ ಗಲ್ಲಿಯ ಚಿಟಿಕೆ ಎಸೆತ

ಕ್ರಿಕೆಟ್ ಜಗತ್ತು 'ಕೇರಂ ಬಾಲ್' ಎಂದು ಕರೆಯುವ ಎಸೆತಕ್ಕೆ ಚೆನ್ನೈನ ಗಲ್ಲಿಗಳಲ್ಲಿ ಬೇರೆಯೇ ಹೆಸರಿದೆ: 'ಸೊಡಕ್ಕು ಬಾಲ್'. ತಮಿಳಿನ ಸೊಡಕ್ಕು ಎಂದರೆ ಕನ್ನಡದ ಚಿಟಿಕೆ. ಭಾರತದ ಸ್ಪಿನ್ನರ್ ಆರ್. ಅಶ್ವಿನ್ ಈ ಎಸೆತವನ್ನು ಕಲಿತದ್ದು ಅಲ್ಲಿನ ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ.

ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚೆಂಡನ್ನು ಹಿಡಿಯಬೇಕು. ಮಡಿಚಿದ ನಡುಬೆರಳನ್ನು ಹಿಂದಿನಿಂದ ಒತ್ತಿ, ಚಿಟಿಕೆ ಹೊಡೆದಂತೆ ಚಿಮ್ಮಿಸಬೇಕು. ಕೇರಂ ಬೋರ್ಡಿನ ಮೇಲೆ ಸ್ಟ್ರೈಕರ್ ಹೊಡೆಯುವ ರೀತಿಯೂ ಇದೇ. ಇಂಗ್ಲಿಷ್ ಹೆಸರು ಬಂದದ್ದು ಅಲ್ಲಿಂದಲೇ. ಆಫ್ ಸ್ಪಿನ್ ನಿರೀಕ್ಷಿಸಿದ ಬಲಗೈ ಬ್ಯಾಟರ್‌ನಿಂದ ಚೆಂಡು ಆಚೆಗೆ ತಿರುಗುತ್ತದೆ. ಕೆಲಸವೆಲ್ಲ ಬೆರಳಿನದು, ಮಣಿಕಟ್ಟು ನೋಡಿ ಗುರುತಿಸುವುದು ಕಷ್ಟ.

ಶ್ರೀಲಂಕಾದ ಅಜಂತ ಮೆಂಡಿಸ್ 2008ರ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತದ ವಿರುದ್ಧ 13 ರನ್‌ಗೆ 6 ವಿಕೆಟ್ ಕಿತ್ತಾಗ ಕೇರಂ ಬಾಲ್ ಮನೆಮಾತಾಯಿತು. ಆದರೆ ಬೆರಳು ಮಡಿಚಿ ಚಿಮ್ಮಿಸುವ ವಿದ್ಯೆ ಇನ್ನೂ ಹಳೆಯದು. ಆಸ್ಟ್ರೇಲಿಯಾದ ಜ್ಯಾಕ್ ಐವರ್ಸನ್ ಎರಡನೇ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿಯಲ್ಲಿದ್ದಾಗ ಟೇಬಲ್ ಟೆನಿಸ್ ಚೆಂಡನ್ನು ಹೀಗೆ ಚಿಮ್ಮಿಸುತ್ತ ಅದನ್ನು ರೂಢಿಸಿಕೊಂಡರು. 1950–51ರ ಆ್ಯಷಸ್ ಸರಣಿಯಲ್ಲಿ 21 ವಿಕೆಟ್ ಪಡೆದರು. ಅವರು ಆಡಿದ್ದು ಅದೊಂದೇ ಟೆಸ್ಟ್ ಸರಣಿ.

ಕೇರಂ ಆಟಕ್ಕೂ ಚೆನ್ನೈ ಹೆಸರುವಾಸಿ. ವಿಶ್ವ ಚಾಂಪಿಯನ್ ಆಗಿ ಅರ್ಜುನ ಪ್ರಶಸ್ತಿ ಪಡೆದ ಮರಿಯ ಇರುದಯಂ ಇಲ್ಲಿಯವರೇ. ಅದೇ ಊರಿನ ಅಶ್ವಿನ್, ಆಫ್ ಸ್ಪಿನ್ ಜತೆಗೆ ಈ ಚಿಟಿಕೆಯನ್ನೂ ಅಸ್ತ್ರವಾಗಿಸಿಕೊಂಡು, ಟೆಸ್ಟ್‌ನಲ್ಲಿ 537 ವಿಕೆಟ್ ಗಳಿಸಿ 2024ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ನಿವೃತ್ತರಾದರು.